ಅಂಗಡಿ ಜಗಲಿಯಿಂದ ಸ್ವಂತ ಸೂರಿನವರೆಗೆ: ನೆಲೆಯಿಲ್ಲದವರ ನೆರವಿನಲ್ಲಿ ವರ್ತಕರ ಪಾಲು

ಪ್ರತಿವರ್ಷ ಆಸ್ತಿ ತೆರಿಗೆ ಪಾವತಿಸುವ ವರ್ತಕ ಬಂಧುಗಳು ರಶೀದಿಯ ವಿವರಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಆರೋಗ್ಯ ಕರ, ಗ್ರಂಥಾಲಯ ಕರಗಳ ಜೊತೆಯಲ್ಲಿ ಭಿಕ್ಷುಕರ ಕರವೆಂಬ ಸಣ್ಣ ಮೊತ್ತವೊಂದು ಅಲ್ಲಿ ಸೇರಿರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮದ ಪ್ರಕಾರ ಇದು ಆಸ್ತಿ ತೆರಿಗೆಯ ಶೇ. 3ರಷ್ಟು. ಸಾಗರದ ನಗರಸಭೆಯಾಗಲಿ, ಹೊಸನಗರ ಮತ್ತು ತೀರ್ಥಹಳ್ಳಿಯ ಪಟ್ಟಣ ಪಂಚಾಯಿತಿಗಳಾಗಲಿ ವಸೂಲು ಮಾಡುವ ತೆರಿಗೆಗೆ ಇದೇ ನಿಯಮ ಅನ್ವಯಿಸುತ್ತದೆ. ಅಂದರೆ ನೆಲೆಯಿಲ್ಲದವರ ಪಾಲನೆಗಾಗಿ ನಾವು ಈಗಾಗಲೇ ಹಣ ನೀಡುತ್ತಿದ್ದೇವೆ. ಹಣ ಕೊಟ್ಟ ಮೇಲೆ ಅದರ ಫಲವೇನೆಂದು ವಿಚಾರಿಸುವುದು ವ್ಯಾಪಾರಿಯ ಸಹಜ ಗುಣ.

ಈ ಕರದಿಂದ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳಲ್ಲಿ ಒಂದು ಶಿವಮೊಗ್ಗದಲ್ಲಿದೆ. ಆದರೆ ಅಧಿನಿಯಮದ ಗುರಿ ಭಿಕ್ಷಾಟನೆಯ ತಡೆ. ಮನೆ ಕಳೆದುಕೊಂಡವರೆಲ್ಲ ಭಿಕ್ಷೆ ಬೇಡುವವರಲ್ಲ. ಬೇಡುವವರೆಲ್ಲ ಒಂದೇ ಕಾರಣಕ್ಕೆ ಬೀದಿಗೆ ಬಂದವರೂ ಅಲ್ಲ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪರಿಹಾರ ಕೇಂದ್ರದಲ್ಲಿ ಸಂಭವಿಸಿದ ಸರಣಿ ಸಾವುಗಳು, ಜನರನ್ನು ಒಂದೆಡೆ ತುಂಬಿಡುವುದೇ ಆಶ್ರಯವಲ್ಲವೆಂಬ ಕಹಿ ಪಾಠವನ್ನು ನಾಡಿಗೆ ಕಲಿಸಿದವು.

ಸಣ್ಣ ಪಟ್ಟಣಗಳ ಇಕ್ಕಟ್ಟು

2011ರ ಜನಗಣತಿಯಲ್ಲಿ ದೇಶದಾದ್ಯಂತ ಸುಮಾರು 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಅಧಿಕ ವಸತಿಹೀನರು ದಾಖಲಾದರು. ಸರ್ವೋಚ್ಚ ನ್ಯಾಯಾಲಯದ 2010ರ ಆದೇಶಗಳ ತರುವಾಯ, 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಕಾಯಂ ವಸತಿ ಕೇಂದ್ರದ ವ್ಯವಸ್ಥೆಯೆಂಬ ಅಳತೆಯನ್ನು ಮುಂದಿಟ್ಟಿತು. ಅದೇ ಜನಗಣತಿಯಲ್ಲಿ ಸಾಗರ ಪಟ್ಟಣದ ಜನಸಂಖ್ಯೆ ಸುಮಾರು 54 ಸಾವಿರ, ತೀರ್ಥಹಳ್ಳಿಯದು ಸುಮಾರು 14 ಸಾವಿರ. ಹೊಸನಗರ ಅದಕ್ಕಿಂತಲೂ ಚಿಕ್ಕದು. ಮೂರು ಪಟ್ಟಣಗಳನ್ನು ಕೂಡಿಸಿದರೂ ಲಕ್ಷ ತುಂಬದು. ದೊಡ್ಡ ನಗರಗಳ ಅಳತೆಗೋಲು ನಮ್ಮ ಊರುಗಳಿಗೆ ಹೊಂದುವುದಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಮಲೆನಾಡಿನ ಮಳೆಗೆ ಜನಸಂಖ್ಯೆಯ ಲೆಕ್ಕ ತಿಳಿಯದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಬಯಲಲ್ಲಿ ಮಲಗುವ ಮಾತೇ ಇಲ್ಲ. ಬಸ್ ನಿಲ್ದಾಣ, ದೇವಾಲಯದ ಪೌಳಿ, ಇಲ್ಲವೇ ನಮ್ಮ ಅಂಗಡಿಯ ಜಗಲಿ ಇವಿಷ್ಟೇ ನೆಲೆಯಿಲ್ಲದವರ ಪಾಲಿನ ಸೂರು. ತಾಳಗುಪ್ಪದಲ್ಲಿ ರೈಲು ಮಾರ್ಗ ಮುಗಿಯುತ್ತದೆ. ದಾರಿ ತಪ್ಪಿದವರು ಇಳಿಯಲೇಬೇಕಾದ ಕೊನೆಯ ನಿಲ್ದಾಣವದು. ಬೆಳಿಗ್ಗೆ ಬಾಗಿಲು ತೆರೆಯುವ ವರ್ತಕನೇ ಅಂಥವರನ್ನು ಮೊದಲು ಕಾಣುವವನು. ಅವರನ್ನು ಪಕ್ಕದ ಊರಿನ ಬಸ್ಸಿಗೆ ಹತ್ತಿಸಿದರೆ ನಮ್ಮ ಜಗಲಿ ತೆರವಾದೀತು, ಸಮಸ್ಯೆ ಮಾತ್ರ ಸಾಗರದಿಂದ ಹೊಸನಗರಕ್ಕೆ, ಹೊಸನಗರದಿಂದ ತೀರ್ಥಹಳ್ಳಿಗೆ ಟಿಕೆಟ್ ಪಡೆದು ಪ್ರಯಾಣಿಸುತ್ತದೆ.

ಕಾನೂನು ತೆರೆದಿಟ್ಟ ಬಾಗಿಲು

ಬೀದಿಯಲ್ಲಿ ಅಲೆಯುವವರ ಪೈಕಿ ಮಾನಸಿಕ ಅಸ್ವಸ್ಥರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಸ್ಪಷ್ಟ ಮಾರ್ಗವನ್ನು ತೋರಿಸಿದೆ. ಮಾನಸಿಕ ಅಸ್ವಸ್ಥತೆಯಿಂದ ತನ್ನ ಯೋಗಕ್ಷೇಮ ನೋಡಿಕೊಳ್ಳಲಾಗದೆ ಅಲೆಯುವ ವ್ಯಕ್ತಿಯನ್ನು ರಕ್ಷಣೆಗೆ ಪಡೆಯುವುದು, 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಅನಾಥರಾಗಿದ್ದರೆ ಕಾಣೆಯಾದ ವ್ಯಕ್ತಿಯೆಂದು ದೂರು ದಾಖಲಿಸಿ ಕುಟುಂಬವನ್ನು ಹುಡುಕಬೇಕು. ವಸತಿಹೀನರಿಗೆ ಬಿ.ಪಿ.ಎಲ್. ಚೀಟಿ ಇಲ್ಲದಿದ್ದರೂ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಉಚಿತ. ಆದ್ದರಿಂದ ವರ್ತಕರು 112ಕ್ಕೆ ಕರೆ ಮಾಡಿ ಇಂಥವರ ವಿಷಯ ತಿಳಿಸುವುದು ದೂರು ಹೇಳುವುದಲ್ಲ, ಹಕ್ಕನ್ನು ಕೊಡಿಸುವುದು. ಸಲಹೆಗೆ 14416 ಸಂಖ್ಯೆಯ ಟೆಲಿ ಮಾನಸ್ ಸೇವೆಯೂ ಇದೆ.

ಮಕ್ಕಳಿಂದ ದೂರವಾಗಿ ಬೀದಿಗೆ ಬಂದ ವೃದ್ಧರ ಪ್ರಕರಣವೇ ಬೇರೆ. ಅವರಿಗಾಗಿ 2007ರ ತಂದೆ-ತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮವಿದೆ. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಹೊಸನಗರದವರು ಸಾಗರ ಉಪವಿಭಾಗಕ್ಕೂ ತೀರ್ಥಹಳ್ಳಿಯವರು ಶಿವಮೊಗ್ಗ ಉಪವಿಭಾಗಕ್ಕೂ ಸೇರುತ್ತಾರೆ. ನೋಡಿಕೊಳ್ಳುವ ಷರತ್ತಿನ ಮೇಲೆ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದುಪಡಿಸಲೂ ಇಲ್ಲಿ ಅವಕಾಶವಿದೆ. ಹಿರಿಯರ ಸಹಾಯವಾಣಿ 14567.

ಸೇವಾಸಂಸ್ಥೆಗಳು ತೋರಿದ ದಾರಿ

ಚಿಕಿತ್ಸೆಯಿಂದ ಫಲವುಂಟೇ ಎಂದು ಸಂದೇಹಿಸುವವರು ನಮ್ಮ ನೆರೆಹೊರೆಯನ್ನೇ ನೋಡಬಹುದು. 2005ರಿಂದ ಆರಂಭಿಸಿ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಕಿಜೋಫ್ರೀನಿಯಾ ಪೀಡಿತರನ್ನು ಗುರುತಿಸಿ, ಊರಿನಲ್ಲೇ ಚಿಕಿತ್ಸೆ ದೊರೆಯುವಂತೆ ಮಾಡಿ, ವರ್ಷಗಳ ಕಾಲ ಅನುಸರಿಸಿ ನೋಡಿದರು. ಔಷಧ ಪಡೆಯದವರಿಗಿಂತ ಪಡೆದವರಲ್ಲಿ ದೈನಂದಿನ ಬದುಕಿನ ಅಶಕ್ತತೆ ಗಮನಾರ್ಹವಾಗಿ ತಗ್ಗಿತ್ತು. ಮನೆಯಲ್ಲಿದ್ದವರಿಗೆ ಇದು ಸಾಧ್ಯವಾದರೆ, ಮನೆ ಬಿಟ್ಟವರಿಗೂ ಸಾಧ್ಯ. ಅವರಿಗೆ ಬೇಕಾದುದು ಔಷಧದ ಜೊತೆಗೆ ಒಂದು ವಿಳಾಸ.

ಮನೋವೈದ್ಯ ಡಾ. ಭರತ್ ವಾಟ್ವಾನಿ ದಂಪತಿಗಳು 1988ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನವು ಬೀದಿಯಲ್ಲಿದ್ದ ಮಾನಸಿಕ ಅಸ್ವಸ್ಥರಿಗೆ ಚಿಕಿತ್ಸೆ ನೀಡಿ, ದೇಶದ ಮೂಲೆಮೂಲೆಗಳ ಅವರ ಊರಿಗೆ ತಲುಪಿಸುತ್ತ ಬಂದಿದೆ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಸ್ನೇಹಾಲಯ ಸಂಸ್ಥೆಯು ಇಂಥದೇ ಸೇವೆಯಲ್ಲಿ ತೊಡಗಿದೆ. 1993ರಲ್ಲಿ ಚೆನ್ನೈನಲ್ಲಿ ಇಬ್ಬರು ಯುವತಿಯರು ಕಟ್ಟಿದ ಬ್ಯಾನಿಯನ್ ಸಂಸ್ಥೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದಿರುಗಲು ಮನೆಯೇ ಇಲ್ಲದವರಿಗಾಗಿ ಸಾಮಾನ್ಯ ಬಡಾವಣೆಗಳಲ್ಲಿ ಬಾಡಿಗೆ ಮನೆಗಳನ್ನು ಹಿಡಿದು, ನಾಲ್ಕೈದು ಮಂದಿ ಒಂದು ಸಂಸಾರದಂತೆ ಬಾಳುವ ವ್ಯವಸ್ಥೆಯನ್ನು ರೂಪಿಸಿತು. ಐವತ್ತು ಹಾಸಿಗೆಗಳ ಕಟ್ಟಡ ನಮ್ಮ ಪಟ್ಟಣಗಳಿಗೆ ಎಟುಕದಿರಬಹುದು. ನಾಲ್ಕು ಮಂದಿಯ ಒಂದು ಬಾಡಿಗೆ ಮನೆ ಎಟುಕದೇ?

ದಾಖಲೆಯೇ ಬೀಗದ ಕೈ

ಬೀದಿಯಲ್ಲಿರುವವರಿಗೆ ಪಡಿತರ ಚೀಟಿ, ಪಿಂಚಣಿ, ಬ್ಯಾಂಕ್ ಖಾತೆ ಎಲ್ಲಕ್ಕೂ ಅಡ್ಡಿಯಾಗುವುದು ವಿಳಾಸದ ದಾಖಲೆ. ಮಾನ್ಯತೆ ಪಡೆದ ಆಶ್ರಯ ಸಂಸ್ಥೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ನೀಡುವ ಪ್ರಮಾಣಪತ್ರವನ್ನು ಆಧಾರ್ ನೋಂದಣಿಗೆ ವಿಳಾಸದ ಪುರಾವೆಯಾಗಿ ಸ್ವೀಕರಿಸಲಾಗುತ್ತದೆ. ಹಿಂದೆಯೇ ನೋಂದಣಿಯಾಗಿದ್ದವರ ಹೊಸ ಅರ್ಜಿ ತಿರಸ್ಕೃತವಾಗಿ, ಅದರ ಜಾಡು ಹಿಡಿದು ಮನೆಯವರು ಪತ್ತೆಯಾದ ನಿದರ್ಶನಗಳೂ ಉಂಟು. ಆಧಾರ್ ದೊರೆತ ಬಳಿಕ 65 ವರ್ಷ ತುಂಬಿದ ಅರ್ಹರಿಗೆ ಸಂಧ್ಯಾ ಸುರಕ್ಷಾ, ಮಾನಸಿಕ ಅಸ್ವಸ್ಥತೆಯುಳ್ಳವರಿಗೆ 2016ರ ಅಧಿನಿಯಮದಡಿ ವಿಕಲಚೇತನರ ಗುರುತಿನ ಚೀಟಿ ಹೀಗೆ ಒಂದೊಂದೇ ಬಾಗಿಲು ತೆರೆಯುತ್ತದೆ. ಕಾಗದಪತ್ರ ಹಿಡಿದು ಕಚೇರಿ ಅಲೆಯುವ ಈ ಕೆಲಸಕ್ಕೆ ಕರುಣೆಗಿಂತಲೂ ತಾಳ್ಮೆ ಬೇಕು. ಲೆಕ್ಕಪತ್ರಗಳೊಡನೆ ದಿನ ಕಳೆಯುವ ನಮ್ಮ ಗುಮಾಸ್ತರಿಗೂ ಲೆಕ್ಕಪರಿಶೋಧಕರಿಗೂ ಅದು ಕರಗತ.

ನಾವು ಮಾಡಬಹುದಾದುದು

ಮೂರು ತಾಲ್ಲೂಕುಗಳ ವರ್ತಕರು ಕೂಡಿ ಸ್ವಯಂಸೇವಕರ ಒಂದು ನೋಂದಾಯಿತ ಟ್ರಸ್ಟನ್ನು ಬೆಂಬಲಿಸುವುದು ಸಾಧ್ಯವಿದೆ. ನೂರು ಅಂಗಡಿಗಳು ದಿನಕ್ಕೆ ಹತ್ತು ರೂಪಾಯಿ ಎತ್ತಿಟ್ಟರೆ ತಿಂಗಳಿಗೆ 30,000 ರೂಪಾಯಿ ಆಗುತ್ತದೆ. ದೇಣಿಗೆಯನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ ನೀಡುವುದು ಲೇಸು. 2,000 ರೂಪಾಯಿಗೆ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಿಗದು. ಖಾಲಿ ಮನೆ ಉಳ್ಳವರು ಬಾಡಿಗೆಗೆ ಕೊಡಲು ಮನಸ್ಸು ಮಾಡುವುದೂ ದೇಣಿಗೆಯಷ್ಟೇ ದೊಡ್ಡದು, ಏಕೆಂದರೆ ಮನೆ ಹುಡುಕುವಲ್ಲಿ ಹಣಕ್ಕಿಂತ ಮೊದಲು ಎದುರಾಗುವ ಗೋಡೆ ಅಪನಂಬಿಕೆಯದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಎರಡು ಹೊತ್ತು ಊಟ ಹಾಕಿ, ಮಲಗಲು ಗೋದಾಮಿನ ಮೂಲೆ ತೋರಿಸಿ, ಸಂಬಳವಿಲ್ಲದೆ ದುಡಿಸಿಕೊಳ್ಳುವುದನ್ನು ಉಪಕಾರವೆಂದು ಬಗೆಯುವ ಮನೋಭಾವ ಸಲ್ಲದು. 1976ರ ಜೀತಪದ್ಧತಿ ರದ್ದತಿ ಅಧಿನಿಯಮವೂ ಕನಿಷ್ಠ ವೇತನದ ನಿಯಮಗಳೂ ನಿರಾಶ್ರಿತರನ್ನು ಹೊರಗಿಟ್ಟಿಲ್ಲ. ಕೆಲಸ ಕೊಡುವುದಾದರೆ ಕೂಲಿ ಕೊಟ್ಟೇ ಕೊಡೋಣ. ತನ್ನ ದುಡಿಮೆಯ ಹಣದಿಂದ ಬಾಡಿಗೆ ಕಟ್ಟುವವನು ಮತ್ತೆ ಜಗಲಿಗೆ ಮರಳುವ ಸಂಭವ ಕಡಿಮೆ.

1964ರಲ್ಲಿ ಸಿದ್ಧವಾದ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆಮಠ ತೊರೆದ ಕುಟುಂಬಗಳು ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಇಂದಿಗೂ ಭೂಹಕ್ಕಿಗಾಗಿ ಹೋರಾಡುತ್ತಿವೆ. ನೆಲೆ ತಪ್ಪುವುದೆಂದರೇನೆಂದು ಈ ನಾಡಿಗೆ ಯಾರೂ ಹೊಸದಾಗಿ ತಿಳಿಸಬೇಕಿಲ್ಲ. ಬರುವ ಮುಂಗಾರಿಗೆ ಮುನ್ನ ಪ್ರತಿ ತಾಲ್ಲೂಕಿನಲ್ಲಿ ಒಂದು ಮನೆ, ಒಬ್ಬ ಸಂಚಾಲಕ, ಒಂದು ಕಡತ ಇಷ್ಟನ್ನು ಸಿದ್ಧಪಡಿಸಲು ಸದಸ್ಯರು ತಮ್ಮ ಮುಂದಿನ ಸಭೆಯಲ್ಲಿ ಪರ್ಯಾಲೋಚಿಸಬೇಕೆಂದು ವಿನಂತಿ.