ಓದಿಗೂ ಕಾಯಕಕ್ಕೂ ಒಂದು ಕೊಂಡಿ

ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೇಕಾರರು ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಓದನ್ನೂ ಉದ್ಯೋಗವನ್ನೂ ಹೀಗೆಯೇ ಜೋಡಿಸುವುದು ಇಂಟರ್ನ್‌ಶಿಪ್. ಅದಕ್ಕಾಗಿ ನಮ್ಮ ಮಕ್ಕಳು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬಾಗಲಕೋಟೆಯ ತೋಟಗಾರಿಕೆ, ಬಾದಾಮಿಯ ಪ್ರವಾಸೋದ್ಯಮ, ಹುನಗುಂದ ಸೀಮೆಯ ಗ್ರಾನೈಟ್, ಇಳಕಲ್ಲಿನ ಮಗ್ಗ ಸಮೀಪದಲ್ಲೇ ಇವೆ.

ರಜೆಗೆ ಮೂರು ತಿಂಗಳು ಮೊದಲೇ ಕಾಲೇಜಿನ ಪತ್ರ ಹಾಗೂ ಒಂದು ಪುಟದ ಸ್ವಪರಿಚಯದೊಡನೆ ಖುದ್ದಾಗಿ ವಿಚಾರಿಸಬೇಕು. ಕಲಿಸುವವರು ಯಾರು, ಕೆಲಸವೇನು, ಅವಧಿಯೆಷ್ಟು ಎಂಬುದು ಲಿಖಿತವಾಗಿರಲಿ. ಹಣ ತೆತ್ತು ಪ್ರಮಾಣಪತ್ರ ಕೊಳ್ಳುವುದು ಕಲಿಕೆಯಲ್ಲ.

ಬಡಮನೆಯ ವಿದ್ಯಾರ್ಥಿ ಸಂಬಳವಿಲ್ಲದೆ ತಿಂಗಳುಗಟ್ಟಲೆ ದುಡಿಯಲಾರ. ಅಂಥವರು ಅಪ್ರೆಂಟಿಸ್ ತರಬೇತಿಯನ್ನೂ ಪರಿಶೀಲಿಸಲಿ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಅಲ್ಲಿ ಶಿಷ್ಯವೇತನ ಕಡ್ಡಾಯ.

ಪಾಲಕರೇ, ಮಗ್ಗದ ಬಳಿ ಕಳೆದ ರಜೆಯನ್ನು ವ್ಯರ್ಥವೆನ್ನದಿರೋಣ. ಕೈ ಅರಿತದ್ದನ್ನು ಬುದ್ಧಿ ಬೇಗ ಮರೆಯದು.