ಎರಡನೆಯವನು ಇಳಿಯುವ ಮೊದಲು

2022ರ ಏಪ್ರಿಲ್ 17, ಭಾನುವಾರ. ಮಂಗಳೂರಿನ ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದಲ್ಲಿ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯೊಳಗೆ ಕಾರ್ಮಿಕನೊಬ್ಬ ಕುಸಿದು ಬಿದ್ದ. ಅವನನ್ನು ಎತ್ತಲೆಂದು ಜೊತೆಗಾರರು ಹಿಂದೆಯೇ ಇಳಿದರು. ಕೊನೆಗೆ ಪ್ರಾಣ ಬಿಟ್ಟವರು ಐವರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು.

ಬಿದ್ದವನು ಒಬ್ಬ, ಸತ್ತವರು ಐವರು. ಈ ಲೆಕ್ಕ ಮಂಗಳೂರಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 'ನಯಾಶ್' 1986ರಲ್ಲೇ ಇದನ್ನು ಹೇಳಿತ್ತು: ಗಾಳಿಯಾಡದ ಇಕ್ಕಟ್ಟಿನ ಜಾಗಗಳಲ್ಲಿ ಸಾಯುವವರ ಪೈಕಿ ಶೇ 60ಕ್ಕೂ ಹೆಚ್ಚು ಮಂದಿ ಬೇರೆಯವರನ್ನು ಉಳಿಸಲು ಇಳಿದವರು.

ಕೊಳೆತ ಮೀನು, ಮಲ, ಕೆಸರು ಇರುವಲ್ಲೆಲ್ಲ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ಮಡುಗಟ್ಟುತ್ತದೆ. ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯುತ್ತದೆ. ಮೋಸ ಇರುವುದು ಮುಂದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ನೂರು ಭಾಗ ತಲುಪುತ್ತಿದ್ದಂತೆ ಮೂಗಿನ ಶಕ್ತಿಯೇ ಉಡುಗಿ, ನಾತ ಹೋದಂತೆ ಅನಿಸುತ್ತದೆ. 'ಈಗ ವಾಸನೆ ಇಲ್ಲ, ಇಳಿಯಬಹುದು' ಎಂಬ ಅನುಭವಸ್ಥ ಮೇಸ್ತ್ರಿಯ ಮಾತು ಕೊಲ್ಲುವುದು ಇಲ್ಲೇ. ಪ್ರಮಾಣ ಸಾವಿರ ಮುಟ್ಟಿದರೆ ಒಂದೆರಡು ಉಸಿರಿಗೇ ಆಳು ಕುಸಿಯುತ್ತಾನೆ. ಕೂಗಲೂ ಸಮಯ ಸಿಗುವುದಿಲ್ಲ. ಮೇಲಿದ್ದವರಿಗೆ ಅವನು ತಲೆಸುತ್ತಿ ಬಿದ್ದಂತೆ ಕಾಣುತ್ತದೆ. ಮುಖಕ್ಕೆ ಕಟ್ಟಿಕೊಂಡ ಒದ್ದೆ ಟವೆಲ್ಲಾಗಲಿ, ಮೆಡಿಕಲ್ ಶಾಪಿನ ಮಾಸ್ಕಾಗಲಿ ಈ ಅನಿಲವನ್ನು ತಡೆಯುವುದಿಲ್ಲ.

ನಿಯಮ ಹೊಸದೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಇದನ್ನೆಲ್ಲ ಆಗಲೇ ಬರೆದಿಟ್ಟಿತ್ತು. ಒಳಗಿನ ಗಾಳಿಯನ್ನು ಬಲ್ಲವರು ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡಬೇಕು. ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ ಇರಬೇಕು. ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಭೋಪಾಲದ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಸುರಕ್ಷತಾ ತರಬೇತಿ ಕಾರ್ಮಿಕನ ಹಕ್ಕೂ ಆಯಿತು. 2020ರ ಹೊಸ ಸುರಕ್ಷತಾ ಸಂಹಿತೆ ಈ ಕಾಯ್ದೆಯ ಜಾಗಕ್ಕೆಂದೇ ರೂಪುಗೊಂಡದ್ದು. ಕಾನೂನಿನ ಹೆಸರು ಬದಲಾದರೂ ಗುಂಡಿಯೊಳಗಿನ ಗಾಳಿ ಬದಲಾಗದು.

ಹಾಗಿದ್ದರೆ ಕೊರತೆ ಎಲ್ಲಿ? ಪ್ರತಿ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ. ಅನೇಕ ಕಾರ್ಖಾನೆಗಳ ಗೇಟಿನಲ್ಲಿ ಅಂದು ಬ್ಯಾನರ್ ಕಟ್ಟುತ್ತಾರೆ, ಪ್ರತಿಜ್ಞೆ ಬೋಧಿಸುತ್ತಾರೆ, ಪೋಸ್ಟರ್ ಸ್ಪರ್ಧೆಗೆ ಬಹುಮಾನ ಹಂಚುತ್ತಾರೆ. ತಪ್ಪೇನೂ ಇಲ್ಲ. ಆದರೆ ನಿನ್ನೆಯಷ್ಟೇ ಗುತ್ತಿಗೆದಾರನ ಜೊತೆ ಬಂದ ಹುಡುಗ ಆ ಸಾಲಿನಲ್ಲಿ ನಿಂತಿರುವುದು ಅಪರೂಪ. ನಿಂತರೂ ಕನ್ನಡ ಅಥವಾ ಇಂಗ್ಲಿಷಿನ ಆ ಪ್ರತಿಜ್ಞೆ ಬಂಗಾಳಿ, ಒಡಿಯಾ ಮಾತಾಡುವವನ ಕಿವಿಗೆ ಸದ್ದು ಮಾತ್ರ. ಹಾಜರಿ ಪುಸ್ತಕದಲ್ಲಿ ಸಹಿ ಬೀಳುತ್ತದೆ, ತರಬೇತಿ ಮುಗಿದಂತೆ ಲೆಕ್ಕ.

ಕೆಲಸಕ್ಕೆ ಬರುವ ತರಬೇತಿ ಗುಂಡಿಯ ಬಾಯಲ್ಲೇ ನಡೆಯಬೇಕು. ಗ್ಯಾಸ್ ಮೀಟರನ್ನು ದಾರಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆದು ತೋರಿಸಬೇಕು. ಆಮ್ಲಜನಕ ಶೇ 19.5ಕ್ಕಿಂತ ಕೆಳಗಿದ್ದರೆ ಯಾರೂ ಇಳಿಯುವಂತಿಲ್ಲ. ಬ್ಲೋವರ್ ಹಚ್ಚಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಮೂರು ಕಾಲಿನ ಸ್ಟ್ಯಾಂಡಿಗೆ ರಾಟೆ ಹಾಕಿ, ಒಬ್ಬನನ್ನು ನಿಜವಾಗಿಯೂ ಮೇಲಕ್ಕೆಳೆದು ನೋಡಬೇಕು. ಎಲ್ಲಕ್ಕಿಂತ ಕಷ್ಟದ ಪಾಠ ಹೊರಗೆ ನಿಂತವನದು: ಒಳಗಿನವನು ಬಿದ್ದರೂ ತಾನು ಇಳಿಯಕೂಡದು. ಹಗ್ಗ ಎಳೆಯಬೇಕು, ಕೂಗಬೇಕು, ಅಗ್ನಿಶಾಮಕ ದಳಕ್ಕೆ ಫೋನು ಮಾಡಬೇಕು. ಗೆಳೆಯ ಕಣ್ಣೆದುರೇ ಬಿದ್ದಾಗ ಕೈಕಟ್ಟಿ ನಿಲ್ಲುವುದು ಮನುಷ್ಯನ ಸಹಜ ಗುಣವಲ್ಲ. ಭಾಷಣ ಕೇಳಿ ಅದು ಬರುವುದಿಲ್ಲ. ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರಷ್ಟೇ ಬರುತ್ತದೆ.

ಆದರೂ ಮೊದಲು ಬೆಂಚಿನ ಮೇಲೆ ಕೂರಿಸಬೇಕಾದದ್ದು ಮ್ಯಾನೇಜರನ್ನು. ಪರ್ಮಿಟ್ಟಿಗೆ ಸಹಿ ಹಾಕುವ ಪೆನ್ನು ಅವರ ಕೈಯಲ್ಲಿದೆ. ಮೀಟರ್ ಕೊಳ್ಳುವ ದುಡ್ಡು, 'ಬೇಗ ಮುಗಿಸಿ' ಎನ್ನುವ ಒತ್ತಡ, ಎರಡೂ ಅವರ ಕಡೆಯಿಂದಲೇ ಬರುತ್ತವೆ. ಗುಂಡಿಯ ಬಳಿ ಹೋಗದೆ ಎ.ಸಿ. ಕೋಣೆಯಲ್ಲೇ ಹಾಕಿದ ಸಹಿಯನ್ನು ತನಿಖೆಯಲ್ಲಿ ಕಾಗದವೆಂದು ಎಣಿಸದೆ ಅಪರಾಧವೆಂದೇ ಎಣಿಸಬೇಕು.

ಇದು ಕಾರ್ಖಾನೆಯವರ ಗೋಳು ಎಂದು ಪುಟ ತಿರುಗಿಸುವ ಮುನ್ನ ಒಂದು ಮಾತು. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆ ಬಳಿ ಮೂವರು ಸತ್ತದ್ದು ಅಪಾರ್ಟ್‌ಮೆಂಟೊಂದರ ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ (ಎಸ್‌ಟಿಪಿ). ಒಳಚರಂಡಿ ಸ್ವಚ್ಛತೆಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಎದ್ದು ಕೇಳಿ: ನಮ್ಮ ಟ್ಯಾಂಕ್ ತೊಳೆಯುವವರ ಬಳಿ ಗ್ಯಾಸ್ ಮೀಟರ್ ಇದೆಯೇ, ಹಗ್ಗ ಹಿಡಿಯುವವರು ಯಾರು? ಉತ್ತರ ಸಿಗುವವರೆಗೆ ಮುಚ್ಚಳ ತೆಗೆಯಲು ಬಿಡಬೇಡಿ.