ಕಪಾಟಿನಲ್ಲಿ ಬೆಳೆಯುವ ಟೊಮೆಟೊ: ಗಿಡ ಗಿಡ್ಡವಾಯಿತು, ವಿದ್ಯುತ್ ಬಿಲ್ಲು?

ಕೋಲಾರದ ಹೊಲಗಳಲ್ಲಿ ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟಿ ನಿಲ್ಲಿಸಿರುವುದನ್ನು ಆ ದಾರಿಯಲ್ಲಿ ಪ್ರಯಾಣಿಸಿದವರೆಲ್ಲ ಕಂಡಿರುತ್ತಾರೆ. ಟೊಮೆಟೊ ಮೂಲತಃ ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯ ಹಬ್ಬುವ ಸಸ್ಯ. ಗಾಜಿನ ಮನೆಗಳಲ್ಲಿ ದಾರಕ್ಕೆ ಹಬ್ಬಿಸಿ ಬೆಳೆಸುವ ತಳಿಗಳ ಕಾಂಡ ಹತ್ತು ಮೀಟರ್ ಮೀರುವುದೂ ಉಂಟು. ಇಂತಹ ಬೆಳೆಯನ್ನು ಕಟ್ಟಡದೊಳಗೆ, ಕಪಾಟಿನಂತೆ ಒಂದರ ಮೇಲೊಂದು ಜೋಡಿಸಿದ ಅಂತಸ್ತುಗಳಲ್ಲಿ ಬೆಳೆಯಲು ಸಾಧ್ಯವೇ? ಸಸ್ಯವಿಜ್ಞಾನಿಗಳು ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಕಟ್ಟಡವನ್ನು ಬದಲಿಸಿ ಅಲ್ಲ, ಗಿಡವನ್ನೇ ಬದಲಿಸಿ.

ಹೈಡ್ರೊಪೋನಿಕ್ಸ್ ಎಂದು ಕರೆಯಲಾಗುವ ಮಣ್ಣುರಹಿತ ಕೃಷಿಯಲ್ಲಿ ಪೋಷಕಾಂಶಗಳನ್ನು ನೀರಿನಲ್ಲಿ ಕರಗಿಸಿ ಬೇರಿಗೆ ಉಣಿಸಲಾಗುತ್ತದೆ. ಒಳಾಂಗಣದಲ್ಲಾದರೆ ಸೂರ್ಯನ ಸ್ಥಾನವನ್ನು ಎಲ್‌ಇಡಿ ದೀಪಗಳು ತುಂಬುತ್ತವೆ. ಇಂತಹ ತೋಟಗಳಲ್ಲಿ ಈವರೆಗೆ ಹೆಚ್ಚಾಗಿ ಬೆಳೆದಿರುವುದು ಲೆಟಿಸ್‌ನಂತಹ ಸೊಪ್ಪು. ಕಾರಣ ಸರಳ. ಸೊಪ್ಪು ಕುಳ್ಳಗಿರುತ್ತದೆ, ಕೆಲವೇ ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ, ಬೇರನ್ನು ಬಿಟ್ಟರೆ ಬಹುಪಾಲು ಗಿಡವೇ ಮಾರಾಟವಾಗುತ್ತದೆ. ಟೊಮೆಟೊದಲ್ಲಿ ಮಾರಾಟವಾಗುವುದು ಹಣ್ಣು ಮಾತ್ರ. ಹಣ ಕೊಟ್ಟು ಕೊಂಡ ಬೆಳಕಿನಲ್ಲಿ ಬೆಳೆದ ಎಲೆ, ಕಾಂಡಗಳೆಲ್ಲ ಕೊನೆಗೆ ಕಸ. ಗಿಡ ಎತ್ತರವಾದಷ್ಟೂ ಅಂತಸ್ತುಗಳ ಸಂಖ್ಯೆ ತಗ್ಗುತ್ತದೆ. ಮೇಲಿನ ಎಲೆಗಳ ನೆರಳಿನಿಂದ ಕೆಳಗಿನವಕ್ಕೆ ಬೆಳಕು ಸಾಲದಾಗುತ್ತದೆ.

ತಾನೇ ನಿಂತ ಬಳ್ಳಿ: ಟೊಮೆಟೊವನ್ನು ಗಿಡ್ಡಗೊಳಿಸುವ ಕಥೆ ಹಳೆಯದು. 1914ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಒಂದು ಹಂತದ ನಂತರ ಬೆಳವಣಿಗೆಯನ್ನು ತಾನಾಗಿಯೇ ನಿಲ್ಲಿಸುವ ಟೊಮೆಟೊ ಗಿಡ ಕಾಣಿಸಿಕೊಂಡಿತು. 'ಸೆಲ್ಫ್ ಪ್ರೂನಿಂಗ್' ಎಂಬ ವಂಶವಾಹಿಯಲ್ಲಿ ಆದ ಸಹಜ ಬದಲಾವಣೆಯೇ ಇದಕ್ಕೆ ಕಾರಣ. ಇಂತಹ ಗಿಡಗಳಲ್ಲಿ ಹಣ್ಣುಗಳು ಹೆಚ್ಚುಕಡಿಮೆ ಒಟ್ಟಿಗೇ ಮಾಗುತ್ತವೆ. ಸಾಸ್ ತಯಾರಿಕೆಗೆ ಬೆಳೆಯುವ ಟೊಮೆಟೊವನ್ನು ಯಂತ್ರದಿಂದ ಕೊಯ್ಯಲು ಸಾಧ್ಯವಾದದ್ದು ಇದರಿಂದಲೇ.

1989ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯವು 'ಮೈಕ್ರೊ-ಟಾಮ್' ಎಂಬ ಗೇಣುದ್ದದ ತಳಿಯನ್ನು ಕುಂಡದ ಅಲಂಕಾರಕ್ಕೆಂದು ಹೊರತಂದಿತು. ಸಸ್ಯದ ಬೆಳವಣಿಗೆಯ ಒಂದು ಹಾರ್ಮೋನನ್ನು ಕುಗ್ಗಿಸುವ ಬದಲಾವಣೆ ಅದರಲ್ಲಿರುವುದರಿಂದ ಎಲೆ ಸುಕ್ಕುಗಟ್ಟಿರುತ್ತದೆ, ಹಣ್ಣೂ ಪುಟ್ಟದು. ಅದು ಪ್ರಯೋಗಾಲಯಗಳಲ್ಲಿ ಮನೆಮಾತಾಯಿತೇ ಹೊರತು ಮಾರುಕಟ್ಟೆಯಲ್ಲಲ್ಲ.

ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಜಕಾರಿ ಲಿಪ್‌ಮನ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಸಂಶೋಧನೆ ಮಹತ್ವದ್ದಾಗುವುದು ಇಲ್ಲಿಯೇ. ತಂಡವು ಕ್ರಿಸ್ಪರ್ ತಂತ್ರದಿಂದ ಮೂರು ವಂಶವಾಹಿಗಳನ್ನು ನಿಷ್ಕ್ರಿಯಗೊಳಿಸಿತು. ಮೊದಲನೆಯದು ಹಳೆಯ ಸೆಲ್ಫ್ ಪ್ರೂನಿಂಗ್. ಎರಡನೆಯದು ಹೂ ಬಿಡುವುದನ್ನು ತಡೆಹಿಡಿಯುವ ಎಸ್‌ಪಿ5ಜಿ; ಅದು ಸುಮ್ಮನಾದರೆ ಹೂವು ಬೇಗ ಮೂಡುತ್ತದೆ. ಮೂರನೆಯದು ಕಾಂಡದಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಇರುವ ಅಂತರವನ್ನು ನಿರ್ಧರಿಸುವ ಎಸ್‌ಎಲ್‌ಇಆರ್. ಮೂರೂ ಸೇರಿದಾಗ ಬಳ್ಳಿಯ ಬದಲು ಹೂಗುಚ್ಛದಂತೆ ಹಣ್ಣು ಒತ್ತೊತ್ತಾಗಿ ತುಂಬಿದ ಪುಟ್ಟ ಗಿಡ ದೊರೆಯಿತು. 40 ದಿನಗಳೊಳಗೆ ಕೊಯ್ಲು ಸಾಧ್ಯವೆಂದು ಪ್ರಯೋಗಾಲಯ ತಿಳಿಸಿತ್ತು.

ಸಾಂಪ್ರದಾಯಿಕ ಸಂಕರಣದಿಂದ ಇದು ಆಗದೆ? ಆಗುತ್ತದೆ, ಆದರೆ ತಾಳ್ಮೆ ಬೇಕು. ಈ ಮೂರು ವಂಶವಾಹಿಗಳು ಬೇರೆ ಬೇರೆ ವರ್ಣತಂತುಗಳ ಮೇಲಿವೆ. ಮೂರೂ ಬದಲಾದ ಗಿಡವನ್ನು ಸಾಮಾನ್ಯ ತಳಿಯೊಂದಿಗೆ ಸಂಕರಗೊಳಿಸಿದರೆ, ಎರಡನೆಯ ಪೀಳಿಗೆಯಲ್ಲಿ ಮೂರೂ ಲಕ್ಷಣಗಳು ಸ್ಥಿರವಾಗಿರುವ ಗಿಡ ಸರಾಸರಿ 64ರಲ್ಲಿ ಒಂದು. ಅದನ್ನು ಆರಿಸಿ, ಮೂಲ ತಳಿಯ ರುಚಿ, ಬಣ್ಣಗಳನ್ನು ಮರಳಿ ತರಲು ಮತ್ತೆ ಹಲವು ಪೀಳಿಗೆಗಳ ಶ್ರಮ. ವಂಶವಾಹಿ ತಿದ್ದುಪಡಿ ಈ ಕಾಲವನ್ನು ಉಳಿಸುತ್ತದೆ.

ಕುಳ್ಳ ಟೊಮೆಟೊ ಬಾಹ್ಯಾಕಾಶಕ್ಕೂ ಹೋಗಿಬಂದಿದೆ. 'ರೆಡ್ ರಾಬಿನ್' ಎಂಬ ತಳಿಯ ಬೀಜಗಳನ್ನು 2022ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಲಾಯಿತು. ಅಲ್ಲಿ ಜೇನಿಲ್ಲ, ಗಾಳಿಯೂ ಬೀಸುವುದಿಲ್ಲ; ಪರಾಗಸ್ಪರ್ಶವನ್ನು ಗಗನಯಾತ್ರಿಗಳೇ ಮಾಡಬೇಕಾಯಿತು. ಭೂಮಿಯ ಮೇಲಿನ ಮುಚ್ಚಿದ ತೋಟಗಳದ್ದೂ ಇದೇ ತಾಪತ್ರಯ. (ನಿಲ್ದಾಣದಲ್ಲಿ ಕಳೆದುಹೋಗಿದ್ದ ಟೊಮೆಟೊವೊಂದನ್ನು ಗಗನಯಾತ್ರಿ ಫ್ರಾಂಕ್ ರುಬಿಯೊ ಅವರೇ ತಿಂದಿರಬೇಕೆಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. 2023ರ ಡಿಸೆಂಬರಿನಲ್ಲಿ ಅದು ಸಿಕ್ಕಾಗ ರುಬಿಯೊ ಭೂಮಿಗೆ ಮರಳಿ ಆಗಿತ್ತು.)

ಲೆಕ್ಕ ಕೂಡುವುದೇ?: ಗಿಡ ಗಿಡ್ಡವಾದ ಮಾತ್ರಕ್ಕೆ ವ್ಯಾಪಾರ ಗೆಲ್ಲುವುದಿಲ್ಲ. ಅಮೆರಿಕದ ದೊಡ್ಡ ಲಂಬ ಕೃಷಿ ಸಂಸ್ಥೆಗಳಲ್ಲಿ ಏರೋಫಾರ್ಮ್ಸ್ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಬೋವರಿ 2024ರಲ್ಲಿ ಬಾಗಿಲು ಮುಚ್ಚಿತು. ಇವು ಮುಖ್ಯವಾಗಿ ಬೆಳೆಯುತ್ತಿದ್ದುದು ಸುಲಭದ ಬೆಳೆಯಾದ ಸೊಪ್ಪನ್ನು. ಟೊಮೆಟೊ ಸೊಪ್ಪಿಗಿಂತ ಹೆಚ್ಚು ಬೆಳಕು ಬೇಡುವ ಬೆಳೆ.

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಬೆಂಗಳೂರಿಗರಿಗೂ ಒಳಾಂಗಣ ಕೃಷಿ ಆಕರ್ಷಕವಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಆದರೆ ಸೆಪ್ಟೆಂಬರ್ ವೇಳೆಗೆ ಅದೇ ಬೆಲೆ ನೆಲಕಚ್ಚಿತ್ತು. ಬಿಸಿಲಿಗೆ ಬಿಲ್ಲು ಬಾರದ ಕೋಲಾರದ ಜೊತೆ ದೀಪದ ತೋಟ ಪೈಪೋಟಿ ನಡೆಸುವುದು ಸದ್ಯಕ್ಕೆ ಕಷ್ಟವೇ. ನಮ್ಮಲ್ಲಿ ಈ ಗಿಡಕ್ಕೆ ಹೆಚ್ಚು ಹೊಂದುವ ಜಾಗ ತಾರಸಿಯ ಕುಂಡ. ಹೊರಗಿನ ವಂಶವಾಹಿ ಸೇರಿಸದೆ ತಿದ್ದಿದ ಸಸ್ಯಗಳಿಗೆ ಕುಲಾಂತರಿ ಬೆಳೆಗಳ ಕಠಿಣ ನಿಯಮಗಳಿಂದ ಕೇಂದ್ರ ಸರ್ಕಾರ 2022ರಲ್ಲಿ ವಿನಾಯಿತಿ ನೀಡಿದೆ. 2025ರ ಮೇ ತಿಂಗಳಲ್ಲಿ ಇಂತಹ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು.